ಪಿಂಕ್ ಫ್ಲಾಯ್ಡ್ ಹೊರಗೆ ಬಿಡದೇ ಇಟ್ಟ ಸ್ಟುಡಿಯೋ ಟೇಪುಗಳು: ಇದ್ದ ಹಾಗೇ ಕೇಳಿಸ್ಬೇಕಾ, ತಿದ್ದಿ ಕೊಡ್ಬೇಕಾ?

ಹಾರಂಗಿಹೊಳೆ:
ಎಲ್ರಿಗೂ ನಮಸ್ಕಾರ. ಮೊನ್ನೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಹಳೇ ಟೇಪಿಗೆ ಹೊಸದನ್ನ ಸೇರಿಸಿ ಮಾಡಿದ ಎಂಡ್ಲೆಸ್ ರಿವರ್ ಆಲ್ಬಮ್ ಬಗ್ಗೆ ಮಾತು ಬಂದು ಅರ್ಧಕ್ಕೇ ನಿಂತೋಯ್ತಲ್ಲ, ಅದನ್ನ ಇಲ್ಲಿ ಬಿಡಿಸಿ ಬರೀತಿದ್ದೀನಿ, ಉದ್ದ ಆಗತ್ತೆ, ಪುರುಸೊತ್ತಲ್ಲಿ ಓದಿ. ನಾನು ಹೇಳೋದು ಇಷ್ಟೆ: ಹಳೇ ಬ್ಯಾಂಡು ಸ್ಟುಡಿಯೋದಲ್ಲಿ ಮಾಡಿ ಬಿಟ್ಟಿದ್ದನ್ನ ಹೊರಗೆ ತರೋದಾದ್ರೆ ತಾರೀಖು ಸಮೇತ, ಮಾತು ಕೆಮ್ಮು ತಪ್ಪು ಸಮೇತ ಇದ್ದ ಹಾಗೇ ತರ್ಬೇಕು. ಕತ್ತರಿಸಿ ಅಂಟಿಸಿ, ಮೇಲೆ ಹೊಸ ಗಿಟಾರ್ ನುಡಿಸಿ, ಹೊಸ ಆಲ್ಬಮ್ ಅಂತ ಮಾರ್ಬಾರ್ದು.

ಯಾಕೆ ಅಂದ್ರೆ ಇವರ ವಿಷ್ಯದಲ್ಲಿ ಬಿಟ್ಟಿದ್ದು ಅನ್ನೋದು ಕಸ ಅಲ್ಲ. 1969ರ ಕೊನೇಲಿ ಇವರು ರೋಮಿಗೆ ಹೋಗಿ ಇಟಲಿಯ ಡೈರೆಕ್ಟರ್ ಆಂಟೋನಿಯೋನಿಯ ಜಬ್ರಿಸ್ಕಿ ಪಾಯಿಂಟ್ ಸಿನಿಮಾಕ್ಕೆ ಮ್ಯೂಸಿಕ್ ಮಾಡಿದ್ರು. ವಿದ್ಯಾರ್ಥಿಗಳ ಗಲಾಟೆ ಸೀನಿಗೆ ಅಂತ ಬ್ಯಾಂಡಿನ ಕೀಬೋರ್ಡಿನವ ರಿಕ್ ರೈಟ್ ಒಂದು ಪಿಯಾನೋ ತುಂಡು ಕಟ್ಟಿದ್ದ, ಪರದೆ ಮೇಲೆ ಹೊಡೆದಾಟ, ಕಿವಿಗೆ ಮಾತ್ರ ನಿಧಾನಕ್ಕೆ ಹರಿಯೋ ಪಿಯಾನೋ. ಡೈರೆಕ್ಟರು ಬೇಡ ಅಂದ್ರು. ಆ ಸಿನಿಮಾದಲ್ಲಿ ಕೊನೆಗೆ ಉಳಿದದ್ದು ಇವರದ್ದು ಮೂರೇ ಮೂರು. ಆ ಪಿಯಾನೋ ಮಾತ್ರ ಹಾಗೇ ಇತ್ತು, 1973ರಲ್ಲಿ ಡಾರ್ಕ್ ಸೈಡ್ ಆಫ್ ದಿ ಮೂನ್ ಆಲ್ಬಮ್ ಬಂದಾಗ ಅದೇ ಅಸ್ ಅಂಡ್ ದೆಮ್ ಅನ್ನೋ ಹಾಡಾಗಿತ್ತು. ಹಳೇ ರೆಕಾರ್ಡಿಂಗ್‌ಗಳನ್ನ ಒಟ್ಟು ಮಾಡಿದ 2016ರ ಅರ್ಲಿ ಇಯರ್ಸ್ ಬಾಕ್ಸಲ್ಲಿ ದಿ ರಯಟ್ ಸೀನ್ ಅಂತ ಇದೆ ನೋಡಿ, ಅದನ್ನ ಮೊದ್ಲು ಕೇಳಿ ಆಮೇಲೆ ಅಸ್ ಅಂಡ್ ದೆಮ್ ಹಾಕಿ. ಒಂದು ಹಾಡು ನಾಲ್ಕು ವರ್ಷ ಹೇಗೆ ಬೆಳೀತು ಅಂತ ಕಿವಿಗೇ ಗೊತ್ತಾಗತ್ತೆ, ಇನ್ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಆ ಹಳೇ ತುಂಡನ್ನ ಈಗ ಕೂತ್ಕೊಂಡು ಚೆಂದ ಮಾಡಿ, ಡ್ರಮ್ಸ್ ಸೇರಿಸಿ ಕೊಟ್ಟಿದ್ರೆ ಈ ದಾರಿ ಕಾಣ್ತಾನೇ ಇರ್ಲಿಲ್ಲ.

ಗೋಣಿಕೊಪ್ಪ_ಬಾಸ್:
ಅಣ್ಣ, ಜಬ್ರಿಸ್ಕಿ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ತೀನಿ. ಆದ್ರೆ ಎಂಡ್ಲೆಸ್ ರಿವರನ್ನ ಆ ಲೆಕ್ಕದಲ್ಲಿ ತೂಗೋದು ಸರಿ ಅಲ್ಲ, ಆ ಟೇಪ್ ಹೇಗೆ ಹುಟ್ತು ಅಂತ ನೋಡ್ಬೇಕು.

1993ರ ಶುರುವಲ್ಲಿ ಗಿಟಾರಿನ ಗಿಲ್ಮೋರ್, ಡ್ರಮ್ಸಿನ ಮೇಸನ್, ರೈಟ್ ಮೂರೂ ಜನ ಬ್ರಿಟಾನಿಯಾ ರೋ ಸ್ಟುಡಿಯೋದಲ್ಲಿ ಏನೂ ಬರ್ಕೊಳ್ದೆ ಸುಮ್ನೆ ಕೂತು ನುಡಿಸಿದ್ರು. ಎರಡು ವಾರದಲ್ಲಿ ಸುಮಾರು 65 ತುಂಡು ಆಯ್ತು. ಆಮೇಲೆ ಥೇಮ್ಸ್ ನದಿ ಮೇಲಿರೋ ಗಿಲ್ಮೋರನ ದೋಣಿಮನೆ ಸ್ಟುಡಿಯೋ ಆಸ್ಟೋರಿಯಾದಲ್ಲಿ ಕೆಲಸ ಮುಂದುವರೀತು. ಯಾವ್ದು ಇಟ್ಕೊಳ್ಳೋದು ಅಂತ ಮೂವರೂ ಮಾರ್ಕ್ಸ್ ಕೊಟ್ಟು ಆರಿಸಿದ್ರಂತೆ, ರೈಟ್ ತನ್ನ ತುಂಡುಗಳಿಗೆಲ್ಲ ಪೂರ್ತಿ ಮಾರ್ಕ್ಸ್ ಕೊಟ್ಟು ಬೇರೆಯವರದ್ದಕ್ಕೆ ಸೊನ್ನೆ ಹಾಕಿದ್ದ ಅಂತ ಅವರೇ ಹೇಳ್ಕೊಂಡಿದ್ದಾರೆ! 1994ರ ಡಿವಿಷನ್ ಬೆಲ್ ಆಲ್ಬಮ್ಮಿಗೆ ಹೋದದ್ದು 11. ಉಳಿದದ್ದರಲ್ಲಿ ಒಂದಷ್ಟನ್ನ ಎಂಜಿನಿಯರ್ ಆಂಡಿ ಜಾಕ್ಸನ್ ಒಂದು ಗಂಟೆಯಷ್ಟು ಜೋಡಿಸಿದ್ದ, ಅದೂ ಹೊರಗೆ ಬರ್ಲಿಲ್ಲ.

2008ರ ಸೆಪ್ಟೆಂಬರಲ್ಲಿ ರೈಟ್ ತೀರ್ಕೊಂಡ. ಇನ್ನು ಅವನ ಕೈಯಿಂದ ಒಂದು ಸ್ವರಾನೂ ಬರಲ್ಲ. ಆಗ ಇವರು ಆ 20 ಗಂಟೆಗೂ ಮಿಕ್ಕಿದ ಟೇಪನ್ನ ಮತ್ತೆ ತೆಗೆದು, ಅವನು ನುಡಿಸಿದ್ದನ್ನ ಮಧ್ಯಕ್ಕಿಟ್ಟು, ಸುತ್ತ ತಮ್ಮದನ್ನ ಸೇರಿಸಿ 2014ರಲ್ಲಿ ಆಲ್ಬಮ್ ಮಾಡಿದ್ರು. ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಫಿ ಹೆಕ್ಕಲ್ವ ನಾವು, ಅದೂ ನಮ್ಮ ತೋಟದ್ದೇ ಹಣ್ಣು. ಗೆಳೆಯ ಹೋದ ಮೇಲೆ ಗೆಳೆಯರು ಮಾಡಿದ ಕೆಲಸ ಅದು, ಇದ್ರಲ್ಲಿ ಮೋಸ ಎಲ್ಲಿದೆ?

ಹಾರಂಗಿಹೊಳೆ:
ಮೋಸ ಅಂತ ನಾನು ಎಲ್ಲೂ ಅಂದಿಲ್ಲ. ಅವರಿಬ್ಬರಿಗೆ ಅಲ್ದೆ ಇನ್ಯಾರಿಗೆ ಆ ಹಕ್ಕು ಇರತ್ತೆ. ನನ್ನ ತಕರಾರು ಏನು ಅಂದ್ರೆ ಅದನ್ನ ಕೇಳ್ವಾಗ ಯಾವ್ದು 1993ರ ರೈಟ್, ಯಾವ್ದು ಇಪ್ಪತ್ತು ವರ್ಷ ಆದ್ಮೇಲೆ ಸೇರಿಸಿದ ಗಿಟಾರ್ ಅಂತ ಬೇರೆ ಮಾಡೋಕಾಗಲ್ಲ. ಅದ್ರಲ್ಲೇ ಆಟಮ್ '68 ಅಂತ ಸಣ್ಣದೊಂದು ಇದೆ, 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ದೊಡ್ಡ ಪೈಪ್ ಆರ್ಗನ್ ಮೇಲೆ ರೈಟ್ ನುಡಿಸಿದ್ದು. ನನಗೆ ಆ ಇಡೀ ಆಲ್ಬಮಲ್ಲಿ ಮೈ ಜುಂ ಅಂದದ್ದು ಅದೊಂದೇ. ಹಾಲು ಪೂರ್ತಿ ತುಂಬ್ಕೊಳ್ಳೋ ಸದ್ದು, ಅಷ್ಟು ದೊಡ್ಡ ವಾದ್ಯದ ಮುಂದೆ ಒಬ್ಬ ಹುಡುಗ ಕೂತಿದ್ದಾನೆ ಅಂತ ಅನ್ಸತ್ತೆ. ಅದು ಅಷ್ಟು ಬೇಗ ಮುಗಿದು ಮುಂದಿನದಕ್ಕೆ ಸೇರ್ಕೊಂಡುಬಿಡತ್ತೆ. ಅವತ್ತು ರೆಕಾರ್ಡ್ ಆದದ್ದನ್ನ ಪೂರ್ತಿ ಕೊಟ್ಟಿದ್ರೆ ಅದಕ್ಕಿಂತ ದೊಡ್ಡ ನೆನಪು ಯಾವ್ದಿತ್ತು ಹೇಳಿ.

ಕುಶಾಲನಗರ್22:
ನಾನು ಈಗ ಈಗ ಕೇಳೋಕೆ ಶುರು ಮಾಡಿದ್ದು, ಹೌಸ್‌ಹೋಲ್ಡ್ ಆಬ್ಜೆಕ್ಟ್ಸ್ ಅಂತ ಒಂದು ಆಲ್ಬಮ್ ಮಾಡಿ ಬಿಟ್ರು ಅಂತಾರಲ್ಲ ಅದು ನಿಜಾನಾ? ವಾದ್ಯಾನೇ ಇಲ್ದೆ?

ಪೊನ್ನಂಪೇಟೆ_ಅಕ್ಕ:
ನಿಜ ತಮ್ಮಾ, ಇದು ನನಗೆ ಬಹಳ ಇಷ್ಟದ ವಿಷಯ, ನಾನೇ ಹೇಳ್ತೀನಿ. ಡಾರ್ಕ್ ಸೈಡ್ ಇಡೀ ಜಗತ್ತಲ್ಲಿ ಓಡ್ತಾ ಇತ್ತು, ಮುಂದೇನು ಮಾಡೋದು ಅಂತ ದಿಕ್ಕು ತೋಚ್ದೆ 1973ರ ಕೊನೇ ಭಾಗದಲ್ಲಿ ಆಬಿ ರೋಡ್ ಸ್ಟುಡಿಯೋಗೆ ಹೋಗಿ ಗಿಟಾರು ಕೀಬೋರ್ಡು ಎಲ್ಲ ಬದಿಗಿಟ್ಟು, ಮನೇಲಿರೋ ಸಾಮಾನಲ್ಲೇ ಪೂರ್ತಿ ಆಲ್ಬಮ್ ಮಾಡ್ತೀವಿ ಅಂತ ಕೂತ್ರು. ರಬ್ಬರ್ ಬ್ಯಾಂಡು, ವೈನ್ ಗ್ಲಾಸು, ಪೊರಕೆ, ಸ್ಪ್ರೇ ಡಬ್ಬಿ, ಇಂಥವು. ಎಂಜಿನಿಯರ್ ಅಲನ್ ಪಾರ್ಸನ್ಸ್. ರಬ್ಬರ್ ಬ್ಯಾಂಡ್ ಎಳೆದು ಕಟ್ಟಿ ಮೀಟಿದ್ರೆ ಬಾಸ್ ಗಿಟಾರ್ ತರದ ಸದ್ದು ಬರತ್ತೆ, ಆದ್ರೆ ಆ ಸದ್ದು ತರೋದಕ್ಕೇ ದಿನ ಹೋಗತ್ತೆ, ಬಾಸ್ ಗಿಟಾರ್ ಪಕ್ಕದಲ್ಲೇ ಇದೆ! ಈಗಿನ ಹಾಗೆ ಒಂದು ಸದ್ದು ಹಿಡ್ಕೊಂಡು ಕೀಬೋರ್ಡಲ್ಲಿ ಎಲ್ಲ ಸ್ವರಕ್ಕೂ ಹಂಚೋ ಸ್ಯಾಂಪ್ಲರ್ ಆಗ ಕೈಗೆ ಸಿಗ್ತಿರ್ಲಿಲ್ಲ, ಒಂದೊಂದು ಸ್ವರಾನೂ ಬೇರೆ ಬೇರೆ ರೆಕಾರ್ಡ್ ಮಾಡಿ ಒಂದರ ಮೇಲೊಂದು ಸೇರಿಸ್ಬೇಕು. ಕೆಲವು ವಾರ ಒದ್ದಾಡಿ ಕೈಬಿಟ್ರು.

ಆದ್ರೆ ವೈನ್ ಗ್ಲಾಸ್ ಉಳೀತು. ಗ್ಲಾಸಿನ ಬಾಯಿ ಮೇಲೆ ಒದ್ದೆ ಬೆರಳು ತಿರುಗಿಸಿ ತೆಗೆದ ಆ ಸದ್ದೇ 1975ರ ವಿಶ್ ಯು ವರ್ ಹಿಯರ್ ಆಲ್ಬಮ್ಮಿನ ಶೈನ್ ಆನ್ ಯು ಕ್ರೇಜಿ ಡೈಮಂಡ್ ಹಾಡಿನ ಶುರುವಲ್ಲಿ ಕೇಳ್ಸತ್ತೆ, ಕೀಬೋರ್ಡ್ ಹಿಂದೆ ತೆಳ್ಳಗೆ ಹೊಳೆಯೋದು ಅದು. ನಮ್ಮ ಜಲತರಂಗದಲ್ಲಿ ಪಿಂಗಾಣಿ ಬಟ್ಟಲಿಗೆ ನೀರು ಹೆಚ್ಚು ಕಮ್ಮಿ ಮಾಡಿ ಶ್ರುತಿ ಕೂರಿಸ್ತಾರಲ್ಲ, ಇದೂ ನೀರಿನ ಲೆಕ್ಕವೇ, ಅಲ್ಲಿ ಕಡ್ಡಿಯಲ್ಲಿ ತಟ್ಟಿದ್ರೆ ಇಲ್ಲಿ ಬೆರಳಲ್ಲಿ ಉಜ್ಜೋದು. ನಾನು ಸ್ಕೂಲ್ ಮಕ್ಕಳಿಗೆ ಸ್ಟೀಲ್ ಲೋಟ, ಗಾಜಿನ ಲೋಟ ಇಟ್ಟು ತೋರ್ಸಿ ಆಮೇಲೆ ಆ ಹಾಡಿನ ಮೊದಲ ನಿಮಿಷ ಹಾಕ್ತೀನಿ, ಹಿಂದಿನ ಬೆಂಚಿನವರೂ ಮುಂದೆ ಬಂದು ಕೂರ್ತಾರೆ.

2011ರಲ್ಲಿ ದೊಡ್ಡ ಬಾಕ್ಸ್ ಸೆಟ್ ಬಂದವಲ್ಲ, ಡಾರ್ಕ್ ಸೈಡಿನದ್ರಲ್ಲಿ ದಿ ಹಾರ್ಡ್ ವೇ ಅಂತಲೂ ವಿಶ್ ಯು ವರ್ ಹಿಯರಿನದ್ರಲ್ಲಿ ವೈನ್ ಗ್ಲಾಸಸ್ ಅಂತಲೂ ಆ ಸೆಷನ್ನಿನ ಎರಡು ತುಂಡು ಕೊಟ್ರು. ಹಾರಂಗಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ಇವೆರಡನ್ನೂ ಅಲಂಕಾರ ಮಾಡ್ದೆ ಕೊಟ್ಟಿದ್ದಕ್ಕೇ ಮಕ್ಕಳಿಗೂ ಅರ್ಥ ಆಗೋದು.

ಕುಶಾಲನಗರ್22:
ಈಗ್ಲೇ ಹಾರ್ಡ್ ವೇ ಹಾಕ್ದೆ. ಆ ಬಾಸ್ ರಬ್ಬರ್ ಬ್ಯಾಂಡಾ??? ನಂಬಕ್ಕೇ ಆಗ್ತಿಲ್ಲ ಅಕ್ಕ

ಬ್ರಹ್ಮಗಿರಿ:
ಎಲ್ಲವನ್ನೂ ಇದ್ದ ಹಾಗೇ ಹೊರಗೆ ಹಾಕಿ ಅನ್ನೋದು ಸುಲಭ, ಆದ್ರೆ ಬ್ಯಾಂಡಿನ ಮೊದಲ ಹಾಡುಗಾರ ಸಿಡ್ ಬ್ಯಾರೆಟ್ ವಿಷ್ಯ ಬಂದಾಗ ನನಗೆ ಕೈ ನಡುಗತ್ತೆ. ವೆಜಿಟೆಬಲ್ ಮ್ಯಾನ್, ಸ್ಕ್ರೀಮ್ ದೈ ಲಾಸ್ಟ್ ಸ್ಕ್ರೀಮ್ ಎರಡೂ 1967ರಲ್ಲಿ ರೆಕಾರ್ಡ್ ಆದವು, ಅಧಿಕೃತವಾಗಿ ಬಂದದ್ದು 2016ರಲ್ಲಿ, ಅಷ್ಟೊತ್ತಿಗೆ ಸಿಡ್ ಹೋಗಿ ಹತ್ತು ವರ್ಷ. ವೆಜಿಟೆಬಲ್ ಮ್ಯಾನ್ ಕೇಳಿ ಒಂದ್ಸಲ. ಮನಸ್ಸು ಹಿಡಿತ ತಪ್ತಾ ಇರೋ ಹುಡುಗ ತನ್ನನ್ನೇ ನೋಡ್ಕೊಂಡು ತಾನು ಹಾಕಿರೋ ಬಟ್ಟೆಗಳನ್ನ ಒಂದೊಂದಾಗಿ ಹೇಳ್ತಾ ಹೋಗ್ತಾನೆ. ಅವನಿಗೆ ಆಗ 21 ವರ್ಷ. ಅಷ್ಟು ವರ್ಷ ಅದನ್ನ ಒಳಗೇ ಇಟ್ಟಿದ್ದು ನನಗೆ ಸರಿ ಅನ್ಸಿತ್ತು. ಕಾಯಿಲೆಯಲ್ಲಿ ಇರೋರ ಮಾತನ್ನ ಊರಿಗೆಲ್ಲ ಕೇಳಿಸ್ತೀವಾ ನಾವು?

ಹಾರಂಗಿಹೊಳೆ:
ಬ್ರಹ್ಮಗಿರಿಯವರೇ, ಇದು ತೂಕದ ಪ್ರಶ್ನೆ. ನಾನು ಯೋಚಿಸಿದ್ದು ಹೀಗೆ. ಆ ಎರಡು ಹಾಡು ಹೊರಗೆ ಬಂದೇ ಇರ್ಲಿಲ್ಲ ಅಂತಲ್ಲ, ದಶಕಗಟ್ಲೆ ಕಳ್ಳ ಕಾಪಿಯಲ್ಲಿ ಓಡಾಡ್ತಿತ್ತು, ಕಾಪಿಯ ಕಾಪಿಯ ಕಾಪಿ, ಹಿಸ್ ಅನ್ನೋ ಸದ್ದು ತುಂಬಿ, ಸ್ಪೀಡ್ ಹೆಚ್ಚು ಕಮ್ಮಿ ಆಗಿ. ಅದನ್ನ ಕೇಳ್ದವರು ಸಿಡ್ ಅಂದ್ರೆ ಹುಚ್ಚ ಅನ್ನೋ ಕತೆಯನ್ನೇ ಹೇಳ್ತಿದ್ರು. ಸರಿಯಾದ ಟೇಪಿಂದ ಬಂದಾಗ ನನಗೆ ಕೇಳಿದ್ದು ಬೇರೆ, ಹಾಡು ಕಟ್ಟೋ ಜಾಣತನ ಪೂರ್ತಿ ಇದೆ, ತಾಳ ಎಲ್ಲೂ ಬಿದ್ದಿಲ್ಲ, ತನ್ನ ಸ್ಥಿತಿ ತನಗೇ ಗೊತ್ತಿರೋ ಮನುಷ್ಯ ಬರ್ದಿದ್ದು ಅಂತ ಗೊತ್ತಾಗತ್ತೆ. ಹಾಗಂತ ನಿಮ್ಮ ಮಾತನ್ನ ತಳ್ಳಿ ಹಾಕಲ್ಲ. ಬದುಕಿರೋವಾಗ ಬೇಡ ಅಂತ ಇಟ್ಟಿದ್ದು ಸರಿಯೇ.

ಬ್ರಹ್ಮಗಿರಿ:
ಅಷ್ಟು ಒಪ್ಪಿದ್ರೆ ಸಾಕು. ನಾನಂತೂ ಅದನ್ನ ಎರಡನೇ ಸಲ ಹಾಕಿಲ್ಲ, ಹಾಕೋದೂ ಇಲ್ಲ.

ನಾಪೋಕ್ಲುವಿನವ:
ನಾನು ಫ್ಲಾಯ್ಡ್ ಬಗ್ಗೆ ನಿಮ್ಮಷ್ಟು ತಿಳ್ಕೊಂಡವನಲ್ಲ, 2002ರಲ್ಲಿ ಅವರ ಹಳೇ ಬಾಸ್ ಗಿಟಾರಿನ ರೋಜರ್ ವಾಟರ್ಸ್ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಗೆಳೆಯರ ಜೊತೆ ಹೋಗಿದ್ದೆ, ಅಲ್ಲಿಂದ ಹಿಡಿದ ಹುಚ್ಚು. ಆದ್ರೆ ಈ ತಿದ್ದೋದು ತಿದ್ದದೇ ಇರೋದು ಅನ್ನೋ ಮಾತು ನಮ್ಮ ಮನೆಗೇ ಬಂದು ತಾಗ್ತು, ಅದಕ್ಕೆ ಬರೀತಿದ್ದೀನಿ.

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿದ್ದೋರು, ರಜೆಗೆ ಬರ್ವಾಗ ಒಂದು ಟೇಪ್ ರೆಕಾರ್ಡರ್ ತಂದಿದ್ರು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಸಮಯದಲ್ಲಿ ಅಜ್ಜ ಮತ್ತೆ ಅವರ ಜೊತೆಯವರು ದುಡಿ ಅನ್ನೋ ಸಣ್ಣ ಚರ್ಮವಾದ್ಯ ಬಾರಿಸ್ಕೊಂಡು ಹಾಡಿದ್ದನ್ನ ಮನೆ ಜಗಲಿಯಲ್ಲೇ ರೆಕಾರ್ಡ್ ಮಾಡಿದ್ರು. ನಾಲ್ಕು ಜನ, ನಾಲ್ಕು ದುಡಿ. ಮಧ್ಯದಲ್ಲಿ ಸಾಲು ಮರೆತ್ರೆ ಒಬ್ರಿಗೊಬ್ರು ಎತ್ತಿ ಕೊಡೋದು, ಇದಲ್ಲ ಅದು ಅಂತ ವಾದ ಮಾಡೋದು, ಅಜ್ಜಿ ಒಳಗಿಂದ ಏನೋ ಕೂಗೋದು, ಮಳೆ ಸದ್ದು, ಎಲ್ಲ ಇತ್ತು. ಆಮೇಲೆ ಒಂದು ಕಡೆ ಅದನ್ನ ಸಿಡಿ ಮಾಡ್ಸೋಕೆ ಕೊಟ್ವಿ. ಅವರು ಒಳ್ಳೇದಾಗ್ಲಿ ಅಂತಲೇ ಮಾತೆಲ್ಲ ಕತ್ತರಿಸಿ, ಹಿಸ್ ತೆಗೀತೀವಿ ಅಂತ ದುಡಿಯ ಮೇಲಿನ ಸದ್ದನ್ನೂ ತೆಗೆದು, ಎಕೋ ಹಾಕಿ ಕೊಟ್ರು. ಕೇಳ್ದಾಗ ಅಜ್ಜ ಎಲ್ಲೋ ಹಾಲಲ್ಲಿ ಹಾಡಿದ ಹಾಗಿದೆ. ಆ ಎತ್ತಿ ಕೊಡೋ ಜಾಗದಲ್ಲೇ ಇತ್ತು ನೋಡಿ ವಿದ್ಯೆ, ಯಾವ ಸಾಲು ಆದ್ಮೇಲೆ ಯಾವ್ದು, ಯಾರು ಹಿಡೀಬೇಕು ಯಾರು ಬಿಡ್ಬೇಕು ಅಂತ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಜನಪದ ಹಾಡುಗಳ ಪುಸ್ತಕ ಪಟ್ಟೋಲೆ ಪಳಮೆಯಲ್ಲಿ ಹಾಡಿನ ಮಾತುಗಳನ್ನ ಉಳಿಸಿಕೊಟ್ಟಿದ್ದಾರೆ, ಆ ಪುಣ್ಯಾತ್ಮರಿಗೆ ಎಷ್ಟು ಕೈ ಮುಗಿದ್ರೂ ಸಾಲ್ದು, ಆದ್ರೆ ನಮ್ಮ ಅಜ್ಜ ಎಲ್ಲಿ ಉಸಿರು ತಗೋತಿದ್ರು ಅನ್ನೋದು ಆ ಟೇಪಲ್ಲಿ ಮಾತ್ರ ಇರೋದು. ಮೂಲ ಕ್ಯಾಸೆಟ್ ಇನ್ನೂ ಪೆಟ್ಟಿಗೆಯಲ್ಲಿದೆ, ಬಿಳಿ ಬೂಸ್ಟು ಹಿಡಿದಿದೆ. ಅದನ್ನ ಏನಾದ್ರೂ ಮಾಡೋಕಾಗತ್ತಾ?

ಟೇಪ್‌ಡೆಕ್_ಮಡಿಕೇರಿ:
ನಾಪೋಕ್ಲು ಸರ್, ದಯವಿಟ್ಟು ಅದನ್ನ ಯಾವ ಪ್ಲೇಯರಿಗೂ ಹಾಕ್ಬೇಡಿ. ಬೂಸ್ಟು ಇರೋ ಟೇಪ್ ಓಡಿಸಿದ್ರೆ ಬೂಸ್ಟು ಪ್ಲೇಯರಿನೊಳಗೆ ಟೇಪ್ ಓದೋ ಹೆಡ್‌ಗೆ ಅಂಟಿ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗತ್ತೆ, ಪದರ ಪದರ ಅಂಟ್ಕೊಂಡಿದ್ರೆ ಎಳೆತಕ್ಕೆ ಕಿತ್ತೇ ಹೋಗತ್ತೆ. ನಮ್ಮ ಜಿಲ್ಲೆಯಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗೋಡೆ ನೀರು ಕುಡಿದಿರತ್ತೆ, ಮರದ ಪೆಟ್ಟಿಗೆ ಇನ್ನೂ ಕೆಟ್ಟದ್ದು. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆ ಹತ್ರ, ಬಿಸಿಲಲ್ಲಿ ಬೇಡ, ಕ್ಯಾಸೆಟ್ಟಿನ ಪ್ಲಾಸ್ಟಿಕ್ ಸೊಟ್ಟ ಆಗತ್ತೆ. ಒಣಗಿದ ಮೇಲೆ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಬೂಸ್ಟು ಒರೆಸಿ, ಟೇಪನ್ನ ಹೊಸ ಚಿಪ್ಪಿಗೆ ಬದಲಾಯಿಸಿ, ನಿಧಾನ ಸುತ್ತಿ, ಆಮೇಲೆ ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ತಗೊಳ್ಳೋದು. ಎಂಪಿ3 ಬೇಡ, ವೇವ್ ಫೈಲ್, 24 ಬಿಟ್. ಹಿಸ್ ತೆಗೆಯೋದು ಇತ್ಯಾದಿ ಬೇಕಿದ್ರೆ ಕಾಪಿ ಮೇಲೆ ಮಾಡಿ, ಮೂಲ ಫೈಲು ಮುಟ್ಬೇಡಿ.

ದೊಡ್ಡ ಸ್ಟುಡಿಯೋಗಳ ಕಷ್ಟ ಬೇರೆ ತರ. ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ರೀಲ್ ಟೇಪುಗಳಲ್ಲಿ ಕಾಂತದ ಪುಡಿಯನ್ನ ಹಿಡಿದಿಡೋ ಅಂಟು ಗಾಳಿಯ ತೇವ ಕುಡಿದು ಮೆತ್ತಗಾಗತ್ತೆ, ಓಡಿಸಿದ್ರೆ ಕಿರ್ ಅಂತ ನಿಲ್ಲತ್ತೆ, ಪುಡಿ ಉದುರತ್ತೆ. ಅದಕ್ಕೆ ಅಳತೆ ಇಟ್ಟ ಓವನ್ನಲ್ಲಿ 50 ಡಿಗ್ರಿ ಆಸುಪಾಸಲ್ಲಿ ಗಂಟೆಗಟ್ಲೆ ಬಿಸಿ ಮಾಡಿ, ಸ್ವಲ್ಪ ದಿನದ ಮಟ್ಟಿಗೆ ಸರಿ ಆದಾಗ ಬೇಗ ಕಾಪಿ ತಗೊಳ್ತಾರೆ. ಮನೇಲಿ ಯಾರೂ ಮಾಡ್ಬೇಡಿ, ಕ್ಯಾಸೆಟ್ಟಿಗಂತೂ ಬೇಡವೇ ಬೇಡ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಬಿಡುಗಡೆ ಮಾಡೋದಾ ಬೇಡ್ವಾ ಅಂತ ಇನ್ನೂ ಇಪ್ಪತ್ತು ವರ್ಷ ಯೋಚಿಸ್ತಾ ಕೂತ್ರೆ ಟೇಪ್ ಕಾಯಲ್ಲ.

ಗೋಣಿಕೊಪ್ಪ_ಬಾಸ್:
ಟೇಪ್ ಕಾದು ಸಿಕ್ಕಿದ ಕತೆಯೂ ಇದೆ. ವಿಶ್ ಯು ವರ್ ಹಿಯರ್ ಮಾಡೋವಾಗ ಆಬಿ ರೋಡಿನ ಇನ್ನೊಂದು ಸ್ಟುಡಿಯೋದಲ್ಲಿ ಪಿಟೀಲಿನ ಯೆಹೂದಿ ಮೆನುಹಿನ್ ಜೊತೆ ಜಾಜ್ ಪಿಟೀಲಿನ ಸ್ಟೆಫಾನ್ ಗ್ರಾಪೆಲ್ಲಿ ರೆಕಾರ್ಡ್ ಮಾಡ್ತಿದ್ರು. ಗ್ರಾಪೆಲ್ಲಿಯನ್ನ ಕರೆದು ಟೈಟಲ್ ಹಾಡಿಗೆ ಪಿಟೀಲು ನುಡಿಸೋಕೆ ಹೇಳಿದ್ರು. ಆಲ್ಬಮಲ್ಲಿ ಅದು ಕೊನೆಯ ಗಾಳಿ ಸದ್ದಿನ ಹಿಂದೆ ಕೇಳಿಯೂ ಕೇಳದ ಹಾಗಿದೆ. ಆ ಟೇಕ್ ಮೇಲೆ ಬೇರೆ ಏನೋ ರೆಕಾರ್ಡ್ ಆಗಿ ಅಳಿಸಿ ಹೋಗಿದೆ ಅಂತ ಬ್ಯಾಂಡಿನವರೇ ಅಂದ್ಕೊಂಡಿದ್ರು, 2011ರ ಬಾಕ್ಸಿಗೆ ಹುಡುಕೋವಾಗ ಸಿಕ್ತು. ಅದ್ರಲ್ಲಿ ಪಿಟೀಲು ಸ್ಪಷ್ಟವಾಗಿ ಕೇಳ್ಸತ್ತೆ. ನಾವು ಎಷ್ಟೋ ಫಂಕ್ಷನ್ನಲ್ಲಿ ಈ ಹಾಡು ನುಡಿಸಿ ನುಡಿಸಿ ಇದ್ರಲ್ಲಿ ಹೊಸದೇನಿದೆ ಅಂದ್ಕೊಂಡಿದ್ದವನಿಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಇನ್ನೊಂದು, ಬರೀ ಸ್ಟುಡಿಯೋ ಟೇಪ್ ಅಲ್ಲ, ಅದೇ ಆಲ್ಬಮಿನ 50ನೇ ವರ್ಷದ ಸೆಟ್ಟಲ್ಲಿ ಮೈಕ್ ಮಿಲಾರ್ಡ್ ಅನ್ನೋನು 1975ರ ಏಪ್ರಿಲಲ್ಲಿ ಲಾಸ್ ಏಂಜಲಿಸ್ ಶೋನಲ್ಲಿ ಕದ್ದು ರೆಕಾರ್ಡ್ ಮಾಡಿದ್ದನ್ನ ಸಂಗೀತಗಾರ ಸ್ಟೀವನ್ ವಿಲ್ಸನ್ ಕೈಯಲ್ಲಿ ಸರಿ ಮಾಡ್ಸಿ ಹಾಕಿದ್ದಾರೆ. ಪ್ರೇಕ್ಷಕನ ಟೇಪು ಬ್ಯಾಂಡಿನ ಹೆಸರಲ್ಲೇ ಬಂತು. ಅಲ್ಲೂ ರಿಪೇರಿ ನಡೆದಿದೆ ಹಾರಂಗಿ ಅಣ್ಣ, ಅದಕ್ಕೆ ಏನಂತೀರಿ?

ಹಾರಂಗಿಹೊಳೆ:
ಟೇಪಿನ ರೋಗ ವಾಸಿ ಮಾಡೋದು ಬೇರೆ, ನುಡಿಸಿದ್ದನ್ನ ಬದಲಾಯಿಸೋದು ಬೇರೆ. ಸ್ಪೀಡು ಸರಿ ಮಾಡ್ಲಿ, ಹಿಸ್ ಅಷ್ಟೋ ಇಷ್ಟೋ ತಗ್ಗಿಸ್ಲಿ, ಟೇಪ್‌ಡೆಕ್ ಅವರು ಹೇಳೋದೂ ಅದನ್ನೇ. ವಿಲ್ಸನ್ ಅಲ್ಲಿ ಹೊಸ ಸ್ವರ ಸೇರಿಸಿಲ್ಲ. ಗ್ರಾಪೆಲ್ಲಿ ಟೇಕಂತೂ ನನ್ನ ಮಾತಿಗೇ ಸಾಕ್ಷಿ, ಸಿಕ್ಕಿದ್ದನ್ನ ಇನ್ನೊಂದು ಆವೃತ್ತಿ ಅಂತ ಪಕ್ಕದಲ್ಲಿಟ್ರು, ಮೂಲ ಹಾಡನ್ನ ಮುಟ್ಟಲಿಲ್ಲ.

ಕುಶಾಲನಗರ್22:
ಒಂದು ಡೌಟು. ಇಷ್ಟು ವರ್ಷ ಮುಚ್ಚಿಟ್ಟು ಈಗ ಯಾಕೆ ಎಲ್ರೂ ಒಂದೊಂದಾಗಿ ಬಿಡ್ತಿದ್ದಾರೆ, ಬರೀ ದುಡ್ಡಿಗಾ?

ಬ್ರಹ್ಮಗಿರಿ:
ದುಡ್ಡು ಇದೆ, ಕಾನೂನೂ ಇದೆ. ಯುರೋಪಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕನ್ನ 50 ವರ್ಷದಿಂದ 70ಕ್ಕೆ ಏರಿಸಿದ್ರು, 2013ರಿಂದ ಜಾರಿ. ಆದ್ರೆ ರೆಕಾರ್ಡ್ ಆಗಿ 50 ವರ್ಷದೊಳಗೆ ಹೊರಗೆ ಬರದೇ ಇದ್ರೆ ಆ ಹೆಚ್ಚಿನ ರಕ್ಷಣೆ ಸಿಗಲ್ಲ. ಅದಕ್ಕೇ 2013ರ ಡಿಸೆಂಬರಲ್ಲಿ ಬೀಟಲ್ಸ್ ಕಡೆಯಿಂದ 1963ರ 59 ರೆಕಾರ್ಡಿಂಗ್ ಸದ್ದಿಲ್ದೆ ಐಟ್ಯೂನ್ಸಿಗೆ ಬಂದ್ವು. ಫ್ಲಾಯ್ಡಿನದ್ದೂ 2021ರ ಡಿಸೆಂಬರಲ್ಲಿ ಎಪ್ಪತ್ತರ ದಶಕದ ಶುರುವಿನ ಲೈವ್ ಶೋಗಳು ಹಾಗೇ ಬಂದ್ವು. 2024ರಲ್ಲಿ ಇವರ ರೆಕಾರ್ಡಿಂಗ್ ಹಕ್ಕೆಲ್ಲ ಸೋನಿ ಕೊಂಡ್ಕೊಂಡಿದೆ, ಸುಮಾರು 400 ಮಿಲಿಯನ್ ಡಾಲರಿಗೆ ಅಂತ ಪೇಪರಲ್ಲಿ ಬಂದಿತ್ತು. ಅಷ್ಟು ಹಾಕಿದವರು ಗೋಡೌನ್ ಬೀಗ ತೆಗೀದೆ ಇರಲ್ಲ. ಹಾರಂಗಿಯವರು ಹೇಳೋ ಹಾಗೆ ತಾರೀಖು ಹೆಸರು ಹಾಕಿ ಕೊಡಿ ಅಂತ ಕೇಳ್ಬೇಕಾದ್ದು ಈಗಲೇ, ಅಷ್ಟಂತೂ ನಾನೂ ಹೇಳ್ತೀನಿ.

ಪೊನ್ನಂಪೇಟೆ_ಅಕ್ಕ:
ಹೌಸ್‌ಹೋಲ್ಡ್ ಆಬ್ಜೆಕ್ಟ್ಸಿನ ಟೇಪಲ್ಲಿ ಇನ್ನೇನೇನಿದೆಯೋ ಅದನ್ನ ಮೊದಲು ಕೊಡ್ಲಿ. ಸೋತ ತುಂಡೂ ಇರ್ಲಿ, ಪೊರಕೆ ಸದ್ದೂ ಇರ್ಲಿ. ನಮ್ಮ ಮಕ್ಕಳು ಕಾಯ್ತಿದ್ದಾರೆ.

ಗೋಣಿಕೊಪ್ಪ_ಬಾಸ್:
ನಂದು 1993ರ ಆ 20 ಗಂಟೆ. ಅದು ಪೂರ್ತಿ ಬಂದ ದಿನ ನಾನೂ ಹಾರಂಗಿ ಅಣ್ಣನ ಪಕ್ಷ ಸೇರ್ತೀನಿ, ಅಲ್ಲೀವರೆಗೆ ಎಂಡ್ಲೆಸ್ ರಿವರ್ ಬಿಟ್ಟುಕೊಡಲ್ಲ.

ನಾಪೋಕ್ಲುವಿನವ:
ಟೇಪ್‌ಡೆಕ್ ಸರ್, ಕ್ಯಾಸೆಟ್ ಡಬ್ಬಿಗೆ ಹಾಕಿ ಇಟ್ಟೆ. ಮಡಿಕೇರಿಗೆ ತಂದು ಕೊಟ್ರೆ ನೀವು ಮಾಡಿಕೊಡ್ತೀರಾ? ಮಾತೊಂದೂ ಕತ್ತರಿಸ್ಬಾರ್ದು, ಅಷ್ಟೇ ನನ್ನ ಕೋರಿಕೆ.

ಟೇಪ್‌ಡೆಕ್_ಮಡಿಕೇರಿ:
ತನ್ನಿ ಸರ್, ಮಾಡೋಣ. ಮಳೆ ಸ್ವಲ್ಪ ಬಿಟ್ಟ ಮೇಲೆ ತಂದ್ರೆ ಒಳ್ಳೇದು, ದಾರಿಯಲ್ಲಿ ಮತ್ತೆ ತೇವ ಹಿಡಿಯತ್ತೆ. ಕವರೊಳಗಿನ ಚೀಟಿ ಹರಿದಿದ್ರೂ ಬಿಸಾಡ್ಬೇಡಿ, ಅದೂ ಜೊತೆಗೆ ಬರ್ಲಿ. ದೊಡ್ಡಪ್ಪನವರು ಇದ್ರೆ ಅವರ ಹತ್ರ ಕೂತು ಯಾವ ವರ್ಷದ ಪುತ್ತರಿ, ನಾಲ್ಕು ಜನ ಯಾರ್ ಯಾರು, ಯಾವ ದುಡಿ ಯಾರ ಕೈಲಿತ್ತು ಅಂತ ಬರ್ಸಿಟ್ಕೊಳ್ಳಿ, ಫೈಲಿನ ಜೊತೆ ಅದನ್ನೂ ಸೇರಿಸ್ತೀನಿ. ಕ್ಯಾಸೆಟ್ಟಿನ ಮೇಲಂಚಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರತ್ತೆ ನೋಡಿ, ಇನ್ನೂ ಇದ್ರೆ ಮುರಿದುಬಿಡಿ, ಆಗ ಗೊತ್ತಿಲ್ದೆ ಯಾರಾದ್ರೂ ರೆಕಾರ್ಡ್ ಬಟನ್ ಒತ್ತಿದ್ರೂ ಅಳಿಸಿ ಹೋಗಲ್ಲ.